ವೇಣುಗೋಪಾಲನ ಸಾಸೇಜ್ ಸೂಪು

ವೇಣುಗೋಪಾಲನ ಮಾನ ಬೀದಿಗೆ ಬಂದದ್ದು ಅವನ ತಾಯಿಯ ಒಂದು ಸೀನಿನಿಂದ.

ಡಿಸೆಂಬರಿನ ಭಾನುವಾರ. ವೈಯಾಲಿಕಾವಲಿನಲ್ಲಿ ಹಾಲು ತರಲು ಹೋದವರೆಲ್ಲ ಮಂಕಿ ಕ್ಯಾಪು ಹಾಕಿಕೊಂಡು ಬ್ಯಾಂಕು ದೋಚಲು ಹೊರಟವರಂತೆ ಕಾಣುತ್ತಿದ್ದರು. ಊರಿನಿಂದ ಬಂದಿದ್ದ ಲಕ್ಕಮ್ಮ ಸೋಫಾದ ಮೇಲೆ ಕಂಬಳಿ ಹೊದ್ದು ಕೂತು, ಕಿಟಕಿಯ ಗಾಜು ಅದುರುವಂತೆ ಸೀನಿದಳು.

"ಬಿಸಿಬಿಸಿಯಾಗಿ ಏನಾರ ಕುಡುದ್ರೆ ಜೀವ ಬತ್ತದೆ ಕಣ್ಲಾ."

"ನಾನ್ ಮಾಡ್ಕೊಡ್ತೀನಿ ಕಣವ್ವ."

ಹೆಂಡತಿ ನಂದಿತಾ ಪೇಪರಿನಿಂದ ತಲೆಯೆತ್ತಿದಳು. "ಏನ್ರೀ, ನೀರು ಕಾಯಿಸ್ತೀರಾ?"

ಆ ಮಾತು ವೇಣುಗೋಪಾಲನಿಗೆ ನಾಟಿತು. ದಪ್ಪ ಮೀಸೆಯ ವಿದೇಶಿ ಬಾಣಸಿಗನೊಬ್ಬ ಹಿಮದ ನಡುವೆ ಮಾಂಸದ ಸಾಸೇಜು, ತರಕಾರಿ ಹಾಕಿ ಸೂಪು ಮಾಡುವುದನ್ನು ಅವನು ಫೋನಿನಲ್ಲಿ ನೋಡಿ ನೋಡಿ ಬಾಯಿಪಾಠ ಮಾಡಿದ್ದ. "ಸಾಸೇಜ್ ಸೂಪು ಮಾಡ್ತೀನಿ. ಕುಡಿದ್ಮೇಲೆ ಮಾತಾಡು," ಎಂದು ಚೀಲ ಹಿಡಿದು ಹೊರಟ.

ತೊಡಕಿದ್ದದ್ದು ಒಂದೇ. ಕೆಳಗಿನ ಮನೆಯಲ್ಲಿದ್ದವರು ಮನೆ ಮಾಲೀಕರಾದ ಪಂಚಾಕ್ಷರಯ್ಯನವರು. ಲಿಂಗಪೂಜೆಯಾಗದೆ ಹನಿ ನೀರು ಮುಟ್ಟದವರು. ಮನೆ ಕೊಡಿಸುವಾಗ ದಲ್ಲಾಳಿ, "ಹೆಸರೇ ವೇಣುಗೋಪಾಲ್ ಸಾರ್, ಇನ್ನು ಅವರ ಅಡುಗೆಮನೆ ಬಗ್ಗೆ ಕೇಳ್ಬೇಕಾ?" ಅಂದಿದ್ದ. ವೇಣುಗೋಪಾಲ್ ಸುಳ್ಳು ಹೇಳಿರಲಿಲ್ಲ. ಸುಮ್ಮನೆ ನಕ್ಕಿದ್ದ, ಅಷ್ಟೇ. ಅಂದಿನಿಂದ ಪ್ರತಿ ಭಾನುವಾರ ಕಿಟಕಿ ಮುಚ್ಚಿ, ಊದುಬತ್ತಿ ಹಚ್ಚಿ ಕೋಳಿ ಬೇಯಿಸುವುದು ರೂಢಿಯಾಗಿತ್ತು.

ಸಂಪಿಗೆ ರಸ್ತೆಯಲ್ಲಿ ಕ್ಯಾರೆಟ್ಟು, ಹುರುಳಿಕಾಯಿ, ಎಲೆಕೋಸು, ಸೊಗಡಿನ ಅವರೆಕಾಯಿ ಕೊಂಡ. ಆಮೇಲೆ ಮಾಂಸ ಮಾರುವ ದೂರದ ಕೋಲ್ಡ್ ಸ್ಟೋರೇಜ್ ಅಂಗಡಿಗೆ ಹೋಗಿ ಚಿಕನ್ ಸಾಸೇಜು ತಂದು, ಅದರ ಮೇಲೆ ಕೊತ್ತಂಬರಿ ಸೊಪ್ಪು ಹೊದಿಸಿ ಮನೆಗೆ ಬಂದ. ಲಕ್ಕಮ್ಮ ಒಂದು ಸಾಸೇಜು ಎತ್ತಿ ಹಿಡಿದು ನೋಡಿದಳು.

"ಇದೇನ್ಲಾ, ಗೊಂಬೆ ಬೆರಳಂಗವೆ?"

"ನೋಡ್ತಿರವ್ವ."

ಸಾಸೇಜನ್ನು ತುಂಡು ಮಾಡಿ ಬೆಣ್ಣೆಯಲ್ಲಿ ಕೆಂಪಗೆ ಹುರಿದ. ಬೆಳ್ಳುಳ್ಳಿ ಬಿತ್ತು, ಈರುಳ್ಳಿ ಬಿತ್ತು, ತರಕಾರಿ ಬಿತ್ತು. ಕುದಿ ಬಂದ ಮೇಲೆ ಕರಿಮೆಣಸು ಕುಟ್ಟಿ ಹಾಕಿದ. ಒಂದು ಚಮಚ ಬಾಯಿಗೆ ಬಿಟ್ಟುಕೊಂಡವನೇ ಕಣ್ಣು ಮುಚ್ಚಿ ನಿಂತ. ಚೊಚ್ಚಲ ಮಗುವನ್ನು ಮೊದಲ ಸಲ ಎತ್ತಿಕೊಂಡಾಗಲೂ ಅವನ ಮುಖ ಹಾಗೆ ಅರಳಿರಲಿಲ್ಲ. ಆ ಹೆಮ್ಮೆಯ ಭರದಲ್ಲಿ ಕಿಟಕಿ ಮುಚ್ಚುವುದೇ ಮರೆತುಹೋಗಿತ್ತು.

"ವೇಣು ಅವ್ರೇ!" ಕೆಳಗಿನ ಅಂಗಳದಿಂದ ಪಂಚಾಕ್ಷರಯ್ಯನವರ ಹೆಂಡತಿ ಶಿವಕುಮಾರಿಯವರ ದನಿ. "ಏನದು, ಘಮ್ಮಂತಿದೆ?"

ವೇಣುಗೋಪಾಲ್ ಸೌಟು ಹಿಡಿದೇ ಕಿಟಕಿಗೆ ಓಡಿದ. "ತ... ತರಕಾರಿ ಸೂಪು ಆಂಟಿ!"

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಬಚಾವಾಗುತ್ತಿದ್ದ. ಹೆಮ್ಮೆ ಬಿಡಬೇಕಲ್ಲ! "ನಾನೇ ಮಾಡಿದ್ದು ಆಂಟಿ. ಅವರೆಕಾಳು ಹಾಕಿದೀನಿ. ಇಂಥ ಸೂಪು ಹೋಟ್ಲಲ್ಲೂ ಸಿಗಲ್ಲ!"

"ಹಾಗಾದ್ರೆ ನಮಗೂ ಸ್ವಲ್ಪ ಕೊಡಿ. ವಚನ ಹಾಡೋಕೆ ಬೀದಿಯವರೆಲ್ಲ ಬಂದಿದಾರೆ. ಚಳಿಗೆ ಎಲ್ಲರ ಗಂಟಲೂ ಕಟ್ಟಿದೆ."

ನಂದಿತಾ ಹಣೆ ಚಚ್ಚಿಕೊಂಡಳು. ವೇಣುಗೋಪಾಲ್ ಮಾತ್ರ ಸೋಲುವ ಗಂಡಸಲ್ಲ. ಅದೇ ಜೋಡಿಯ, ಇನ್ನೂ ಬಳಸದ ಪಾತ್ರೆ ಇಳಿಸಿದ, ಹೊಸ ಸೌಟು ತೆಗೆದ, ಉಳಿದ ತರಕಾರಿ ಹೆಚ್ಚಿದ. ಸಾಸೇಜಿನ ಸೋಂಕೂ ಇಲ್ಲದ ಎರಡನೆಯ ಸೂಪು ಸಿದ್ಧವಾಯಿತು. ರುಚಿ ನೋಡಿದ. ಮೊದಲನೆಯದಕ್ಕಿಂತಲೂ ಒಂದು ಕೈ ಮೇಲು! "ಬಲಗಡೇದು ಕೆಳಗೆ ಕೊಡು," ಎಂದು ಹೆಂಡತಿಗೆ ಹೇಳಿ, ಗೆದ್ದ ಪೈಲ್ವಾನನಂತೆ ಸ್ನಾನಕ್ಕೆ ಹೋದ.

ಸ್ನಾನ ಮುಗಿಸಿ ಬಂದಾಗ ನಂದಿತಾ ಸೂಪು ಕೊಟ್ಟು ಬಂದಾಗಿತ್ತು. ವೇಣುಗೋಪಾಲ್ ಉಳಿದಿದ್ದ ಪಾತ್ರೆಗೆ ಸೌಟು ಹಾಕಿದ. ಕ್ಯಾರೆಟ್ಟು ಬಂತು. ಮತ್ತೆ ಹಾಕಿದ. ಅವರೆಕಾಳು ಬಂತು. ತಳ ಕೆರೆದ. ಸಾಸೇಜಿನ ಒಂದು ಚೂರೂ ಇಲ್ಲ!

"ನಂದಿತಾ! ಯಾವ್ ಪಾತ್ರೆ ಕೊಟ್ಟೆ?"

"ಬಲಗಡೇದು."

"ನಿನ್ನ ಬಲನೋ, ನನ್ನ ಬಲನೋ?"

ಉತ್ತರಕ್ಕೆ ಕಾಯದೆ, ಸೊಂಟದ ಟವೆಲನ್ನು ಒಂದು ಕೈಯಲ್ಲಿ ಹಿಡಿದು ಮೆಟ್ಟಿಲಿಳಿದು ಓಡಿದ. ಕೆಳಗೆ ಜಮಖಾನೆಯ ಮೇಲೆ ಬೀದಿಯ ಹಿರಿಯರೆಲ್ಲ ಸಾಲಾಗಿ ಕೂತಿದ್ದರು. ಪಂಚಾಕ್ಷರಯ್ಯನವರ ತುಟಿಗೆ ಲೋಟ ತಾಗಿತ್ತು.

"ಕುಡೀಬೇಡಿ ಸಾರ್!" ಎಂದು ಲೋಟ ಕಿತ್ತುಕೊಂಡ. "ಉಪ್ಪು ಜಾಸ್ತಿಯಾಗಿದೆ!"

"ಇಲ್ವಲ್ಲಪ್ಪ, ಹದವಾಗಿದೆ," ಅಂದರು ಪಕ್ಕದ ಮನೆಯ ಚಿದಂಬರ. ಅವರದು ಆಗಲೇ ಅರ್ಧ ಲೋಟ ಖಾಲಿ.

"ಖಾರ ಜಾಸ್ತಿ!"

"ಚಳಿಗೆ ಬೇಕಾಗಿದ್ದೇ ಅದು. ಇನ್ನೊಂದ್ ಲೋಟ ಹಾಕಿ."

ವೇಣುಗೋಪಾಲನಿಗೆ ಅಳು ಬರುವಂತಾಯಿತು. ಜನ್ಮದಲ್ಲಿ ಮೊದಲ ಸಲ ಅವನ ಅಡುಗೆಯನ್ನು ಊರು ಹೊಗಳುತ್ತಿದೆ, ಅದನ್ನು ಅವನೇ ಹಳಿಯಬೇಕು. ಗಟ್ಟಿಮನಸ್ಸು ಮಾಡಿ ಕೂಗಿದ: "ಎಲೆಕೋಸಲ್ಲಿ ಹುಳ ಇತ್ತು!"

ಲೋಟಗಳೆಲ್ಲ ಟಕಟಕನೆ ನೆಲ ಕಂಡವು. ವೇಣುಗೋಪಾಲ್ ಪಾತ್ರೆ ಎತ್ತಿಕೊಂಡು ಮೇಲೆ ಓಡಿ, ಸೂಪನ್ನೆಲ್ಲ ಸಿಂಕಿಗೆ ಸುರಿದ. ಸುರಿಯುತ್ತ ಸುರಿಯುತ್ತ ಕಣ್ಣರಳಿಸಿದ. ಹೋಗುತ್ತಿದ್ದದ್ದೆಲ್ಲ ಬರೀ ತರಕಾರಿ.

"ಸೂಪು ಚೆಂದಾಗದೆ ಕಣ್ಲಾ," ಲಕ್ಕಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನೀನು ನೀರುಯ್ಕೊಳೋ ಹೊತ್ಗೆ ಆ ಬೆರಳ್ನೆಲ್ಲ ಆರಿಸ್ಕಂಡು ತಿಂದ್ಬುಟ್ಟೆ."

ಅವನು ಅಲ್ಲೇ ಕುಸಿದು ಕೂತ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಪಂಚಾಕ್ಷರಯ್ಯನವರು ಬಾಗಿಲಲ್ಲಿ ನಿಂತಿದ್ದರು. ಮನೆ ಖಾಲಿ ಮಾಡಿ ಅನ್ನಲಿಕ್ಕೇ ಬಂದಿದ್ದಾರೆಂದು ವೇಣುಗೋಪಾಲ್ ಕೈಮುಗಿದ.

"ನೋಡಿ ವೇಣುಗೋಪಾಲ್, ಭಾನುವಾರ ನಿಮ್ಮ ಕಿಟಕಿ ಯಾಕೆ ಮುಚ್ಚಿರುತ್ತೆ ಅಂತ ನಮಗೆ ಮೊದಲಿಂದ್ಲೂ ಗೊತ್ತು. ನಿಮ್ಮ ಊಟ ನಿಮ್ಮದು. ನೀವು ತರಕಾರಿ ಅಂದ್ರೆ ತರಕಾರಿ ಅಂತ ನಂಬಿದ್ವಿ. ಆದ್ರೆ ಹುಳ ಬಿದ್ದಿದ್ದನ್ನ ಜನಕ್ಕೆ ಕೊಡೋದಾ? ಛೇ! ಮುಂದಿನ ವಚನಗೋಷ್ಠಿಗೆ ಈ ಸೂಪನ್ನ ನಿಮ್ಮ ಕೈಲೇ ಮಾಡ್ಸೋಣ ಅಂತ ಚಿದಂಬರ ಹೇಳ್ತಿದ್ರು. ಇನ್ನು ನಿಮ್ಮ ಕೈ ನೀರು ಯಾರು ಕುಡೀತಾರೆ?"

ಕೋಳಿಯ ಭಯ ಹಾರಿಹೋಯಿತು. ವೇಣುಗೋಪಾಲನೊಳಗಿನ ಬಾಣಸಿಗ ಎದ್ದು ನಿಂತ. "ಹುಳಾನಾ! ನನ್ನ ಸೂಪಲ್ಲಿ ಹುಳಾನಾ ಸಾರ್? ಒಂದೊಂದು ಎಲೆ ಬಿಡಿಸಿ ಉಪ್ಪುನೀರಲ್ಲಿ ತೊಳೆದಿದೀನಿ! ಪಾತ್ರೆ ಅದಲುಬದಲಾಗಿ ಸಾಸೇಜ್ ನಿಮ್ಮ ಹತ್ರ ಬಂದ್ಬಿಡ್ತೇನೋ ಅಂತ ಹೆದರಿ ಹಾಗಂದೆ. ನಿಮಗೆ ಬಂದಿದ್ದು ಅಪ್ಪಟ ತರಕಾರಿ!"

ಪಂಚಾಕ್ಷರಯ್ಯನವರ ಮುಖ ಬೆಳಗಿತು. "ಅಷ್ಟೇನಾ? ಪಾಪ, ಎಂಥ ಮರ್ಯಾದಸ್ಥರು ನೀವು! ಇರಿ, ಈಗ್ಲೇ ಸರಿಮಾಡ್ತೀನಿ."

ಧಾರಾಳ ಮನಸ್ಸಿನ ಆ ಹಿರಿಯರು ಬಾಲ್ಕನಿಗೆ ಹೋಗಿ, ಅಂಗಳದಲ್ಲಿ ನೆರೆದಿದ್ದವರಿಗೆಲ್ಲ ಕೇಳುವಂತೆ, ವಚನ ಹಾಡುವ ಕಂಚಿನ ಕಂಠದಲ್ಲಿ ಸಾರಿದರು:

"ಯಾರೂ ಗಾಬರಿಯಾಗ್ಬೇಡಿ! ಹುಳಗಿಳ ಏನೂ ಇರ್ಲಿಲ್ವಂತೆ! ಮಾಂಸ ಬಿದ್ದಿದೆ ಅಂದ್ಕೊಂಡು ಓಡಿಬಂದ್ರಂತೆ, ಅಷ್ಟೇ!"

ಮರುಕ್ಷಣವೇ ಕಾಂಪೌಂಡಿನ ನಲ್ಲಿ ಭೋರೆಂದು ತಿರುಗಿತು. ಒಬ್ಬರ ಹಿಂದೊಬ್ಬರು ಗಳಗಳನೆ ಬಾಯಿ ಮುಕ್ಕಳಿಸತೊಡಗಿದರು.