ಒಂದೂವರೆ ಸುತ್ತು

ಮಾರಿಸೆಲಾಳ ಜ್ಞಾನಸ್ನಾನದ ದಿನವೇ ಸೋದರಮಾವ ಸೆಲೆದೋನಿಯೊ ನೆಂಟರೆಲ್ಲರ ಎದುರು ಮಾತು ಕೊಟ್ಟುಬಿಟ್ಟಿದ್ದ: ಹದಿನೈದು ತುಂಬಿದ ದಿನದ ಪೂಜೆಗೆ ಈ ಹುಡುಗಿಯನ್ನು ತನ್ನ ಕಾರಿನಲ್ಲಿ ಕೂರಿಸಿ ತಾನೇ ಇಗರ್ಜಿಗೆ ಕರೆದೊಯ್ಯುತ್ತೇನೆ ಎಂದು. ಆ ದಿನ ಬಂತು. ಪೂಜೆ ಸಂಜೆ ನಾಲ್ಕಕ್ಕೆ. ಬೆಳಿಗ್ಗೆ ಏಳಕ್ಕೇ ಹುಡುಗಿ ಫೋನ್ ಮಾಡಿದಳು.

"ಮಾವ, ಫೆರ್ಮಿನ್ ಚಿಕ್ಕಪ್ಪನ ಕಾರು ನಿನ್ನದಕ್ಕಿಂತ ತಗ್ಗಂತೆ. ಹೌದಾ?"

ನಮ್ಮ ಕಣಿವೆಯ ಊರು ಎಸ್ಪನ್ಯೋಲಾದಲ್ಲಿ ಗಂಡಸಿನ ಮೀಸೆಯ ಬಗ್ಗೆ ಏನು ಬೇಕಾದರೂ ಅನ್ನಿ, ಅವನ ಕಾರು ಎತ್ತರವಾಗಿದೆ ಎಂದು ಮಾತ್ರ ಅನ್ನಬಾರದು. ಕಾರು ನೆಲಕ್ಕೆ ಎಷ್ಟು ಹತ್ತಿರವೋ ಅಷ್ಟು ಮರ್ಯಾದೆ. ಅದರಲ್ಲೂ ಫೆರ್ಮಿನನದು ಸ್ವಿಚ್ ಒತ್ತಿದರೆ ಕೂರುವ, ಇನ್ನೊಂದು ಒತ್ತಿದರೆ ಏಳುವ ಕಾರು.

"ಅದೇನು ವಿದ್ಯೆಯಾ? ಗುಂಡಿ ಒತ್ತೋದಕ್ಕೆ ಕೋತಿ ಸಾಕು," ಎಂದವನೇ ಸೆಲೆದೋನಿಯೊ ತನ್ನ ಹಳೆಯ ಇಂಪಾಲಾ ಕಾರಿಗೆ ಜಾಕ್ ಕೊಟ್ಟ.

ಅವನ ಕೆಲಸ ನೋಡುವುದೇ ಒಂದು ಹಬ್ಬ. ಕಾರು ತಗ್ಗಿಸಲು ಅವಸರದವರು ಚಕ್ರದ ಮೇಲಿನ ಸ್ಪ್ರಿಂಗಿಗೆ ಗ್ಯಾಸಿನ ಬೆಂಕಿ ಹಿಡಿದು ಕುಗ್ಗಿಸುತ್ತಾರೆ. ಇವನು ಹಾಗಲ್ಲ. "ಬೆಂಕಿ ಕಂಡ ಉಕ್ಕನ್ನ ಮತ್ತೆ ನಂಬಬಾರದು," ಎನ್ನುತ್ತ ಸ್ಪ್ರಿಂಗನ್ನು ಹೊರತೆಗೆದು, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಒಂದೇ ಒಂದು ಸುತ್ತು ಕೊಯ್ದ. ನಾಲ್ಕು ಚಕ್ರಕ್ಕೂ ಅದೇ ಅಳತೆ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ. ನನಗಂತೂ ಆ ಕೈಗಳಿಗೆ ಮುತ್ತು ಕೊಡಬೇಕೆನಿಸುತ್ತದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಕತೆಯೇ ಇರುತ್ತಿರಲಿಲ್ಲ. ಪಕ್ಕದ ಮನೆಯ ತ್ರಾಂಕಿಲಿನೊ ಬೀನ್ಸ್ ತುಂಬಿದ ರೊಟ್ಟಿ ತಿನ್ನುತ್ತ ಬಂದ. ಬಗ್ಗಿ, ಉಳಿದ ರೊಟ್ಟಿಯನ್ನು ಕಾರಿನ ಹೊಟ್ಟೆಯ ಕೆಳಗೆ ತಳ್ಳಿದ. ಸಲೀಸಾಗಿ ಹೋಯಿತು.

"ಏನಯ್ಯಾ ಇದು, ಊಟದ ಮೇಜಾ? ಫೆರ್ಮಿನನ ಕಾರಿನಡಿ ಇರುವೆ ಕೂಡ ತಲೆ ತಗ್ಗಿಸಬೇಕು!"

ಸೆಲೆದೋನಿಯೊನ ಕಿವಿ ಕೆಂಪಾಯಿತು. ನಾಲ್ಕೂ ಸ್ಪ್ರಿಂಗ್ ಮತ್ತೆ ಹೊರಬಂದವು, ಇನ್ನರ್ಧ ಸುತ್ತು ಹೋಯಿತು. ಮೂರು ಗಂಟೆಗೆ ಹೊಸ ರೊಟ್ಟಿ ತಳ್ಳಿ ನೋಡಿದರು. ಹೋಗಲಿಲ್ಲ. ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಕಾರು ನೆಲಕ್ಕೆ ಮೈಚಾಚಿದ ಬೆಕ್ಕಿನಂತೆ ಮಲಗಿತ್ತು.

ಬಿಳಿ ನಿರಿಗೆಯ ಉಡುಪಿನಲ್ಲಿ ಬಂದ ಮಾರಿಸೆಲಾ ಕಣ್ಣೀರು ಒರೆಸಿಕೊಂಡಳು. "ಮಾವ, ಇಷ್ಟು ಚೆಂದದ ಕಾರು ಇಡೀ ಕಣಿವೆಯಲ್ಲಿ ಇಲ್ಲ!"

ಅವಳು ಹಿಂದೆ ಕುಳಿತಳು. ಕಾರು ಅಲ್ಲಾಡಲಿಲ್ಲ. ಸೆಲೆದೋನಿಯೊ ಮುಂದೆ ಕುಳಿತ. ಕಾರು "ಗುಸ್ಸ್" ಎಂದು ಒಂದು ಮಗ್ಗುಲಿಗೆ ಕುಸಿದು ಟೈರಿನ ಮೇಲೆ ಕುಂತುಬಿಟ್ಟಿತು. ಚಕ್ರ ತಿರುಗಲೊಲ್ಲದು. ಬೆಳಗಿನಿಂದ ಅವನು ಎಲ್ಲ ಅಳೆದಿದ್ದ, ಹೊರಗೆ ನಿಂತು. ನೂರಿಪ್ಪತ್ತು ಕಿಲೋದ ತನ್ನನ್ನೊಬ್ಬನನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವನು ಇಳಿದ, ಕಾರು ಎದ್ದಿತು. ಹತ್ತಿದ, ಕೂತಿತು.

ಅಷ್ಟರಲ್ಲಿ ಫೆರ್ಮಿನ್ ಬಂದ. ಬಿದಿರುಕಡ್ಡಿಯಂಥ ಆಳು. ಕಾರಿನ ಸುತ್ತ ಎರಡು ಸಲ ನಡೆದು ಟೋಪಿ ತೆಗೆದ. "ಸೋತೆ ಕಣಯ್ಯಾ. ಇದು ಕೈ ಅಂದ್ರೆ ಕೈ!" ಆಮೇಲೆ ಹುಡುಗಿಗೆ, "ಹೊತ್ತಾಯ್ತು ಮಗಳೇ, ನನ್ನ ಕಾರಿಗೆ ಬಾ," ಎಂದ.

"ನಾನು ಈ ಕಾರಲ್ಲೇ ಹೋಗೋದು," ಎಂದು ಮಾರಿಸೆಲಾ ಅಲ್ಲೇ ಬೇರು ಬಿಟ್ಟಳು.

ಇಷ್ಟು ತಗ್ಗಿದ ಕಾರನ್ನು ಗೀರು ಬೀಳದಂತೆ ಓಡಿಸಬಲ್ಲ ಇನ್ನೊಬ್ಬ ಊರಿನಲ್ಲಿ ಯಾರು? ಸೆಲೆದೋನಿಯೊಗೆ ಉತ್ತರ ಗೊತ್ತಿತ್ತು. ಕೊನೆಗೆ ಬೀಗದ ಕೈಯನ್ನು, ಕರುಳು ಕಿತ್ತುಕೊಡುವವನಂತೆ, ಫೆರ್ಮಿನನ ಕೈಗಿಟ್ಟ.

ಇಂಪಾಲಾ ಆಮೆಗಿಂತ ಮೆಲ್ಲಗೆ, ರಾಣಿಯಂತೆ ಹೊರಟಿತು. ದಾರಿಯುದ್ದಕ್ಕೂ ಜನ ಕೇಕೆ ಹಾಕಿದರು. ಹಿಂದೆ ಫೆರ್ಮಿನನ ಕಾರಿನಲ್ಲಿ, ಆಗಷ್ಟೇ ಬಂದ ತನ್ನ ತಾಯಿಯನ್ನು ಕೂರಿಸಿಕೊಂಡು, ಯಾವ ಸ್ವಿಚ್ಚೂ ಮುಟ್ಟದೆ ಸೆಲೆದೋನಿಯೊ ಹಿಂಬಾಲಿಸಿದ.

ಇಗರ್ಜಿಯ ಮುಂದೆ ಊರೇ ಫೆರ್ಮಿನನನ್ನು ಮುತ್ತಿಕೊಂಡಿತು. "ಏನ್ ಕೆಲಸ ಮಾರಾಯಾ! ಒಂದು ಸುತ್ತಾ, ಒಂದೂವರೆಯಾ?"

ಫೆರ್ಮಿನ್ ಪ್ರಾಮಾಣಿಕ ಮನುಷ್ಯ. "ಅಯ್ಯೋ, ದೇವರಾಣೆಗೂ ನಂದಲ್ಲ! ಎಲ್ಲಾ ಸೆಲೆದೋನಿಯೊ ಮಾಡಿದ್ದು!" ಎಂದು ಕೂಗಿ ಹೇಳಿದ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಚಪ್ಪಾಳೆ ಇಮ್ಮಡಿಯಾಯಿತು.

ಹಿಂದಿನ ಸೀಟಿನಿಂದ ಸೆಲೆದೋನಿಯೊನ ತಾಯಿ ಮಗನ ಬೆನ್ನು ತಿವಿದಳು. "ಕಾರು ತಗ್ಗಿಸೋದು ಹಾಗಿರಲಿ, ತಲೆ ತಗ್ಗಿಸೋದನ್ನ ಅವನ ಹತ್ರ ಕಲಿ. ಅಷ್ಟು ಕೆಲಸ ಮಾಡಿ ಹೆಸರು ನಿಂಗೆ ಕೊಡ್ತಿದಾನೆ, ಪಾಪ!"