ಸೋತವರ ಪಟ್ಟಿ

ಗುರುತು ಪರಿಚಯವಿಲ್ಲದ ಯಾರೋ ಒಬ್ಬನಿಗೆ ಶುಕ್ರವಾರ ಬೆಳಿಗ್ಗೆ ಜ್ವರ ಬಂದದ್ದೇ ಯೂಸ್ಟೇಸನ ಗ್ರಹಚಾರಕ್ಕೆ ಕಾರಣ. ಆ ಮನುಷ್ಯ ಅಂದು ಮಧ್ಯಾಹ್ನ ದೋಹಾದ ಅಲ್ ಥುಮಾಮಾ ಬಡಾವಣೆಯ ಒಂದು ಹಾಲಿನಲ್ಲಿ ಬ್ಯಾಕ್‌ಗ್ಯಾಮನ್ ಟೂರ್ನಮೆಂಟು ಆಡಬೇಕಿತ್ತು. ಹದಿನಾರು ಜನರ ಪಂದ್ಯ ಹದಿನೈದಕ್ಕಿಳಿಯಿತು. ಪಂದ್ಯ ನಡೆಸುವವರಲ್ಲಿ ಒಬ್ಬನಾದ, ಎದುರು ಫ್ಲ್ಯಾಟಿನ ನೌಶಾದ್, ಜುಮಾ ನಮಾಜಿಗೆ ಹೊರಟವನು ದಾರಿಯಲ್ಲೇ ಯೂಸ್ಟೇಸನ ಬಾಗಿಲು ಬಡಿದ.

ಯೂಸ್ಟೇಸ್ ಆಗ ನೆಲ ಒರೆಸುತ್ತಿದ್ದ. ಮೂರು ತಿಂಗಳ ಧೂಳು ಅಷ್ಟು ಸುಲಭಕ್ಕೆ ಬಿಡುತ್ತಿರಲಿಲ್ಲ.

"ನನ್ನಿಂದ ಆಗುದಿಲ್ಲ ಮಾರಾಯ," ಎಂದ. "ಇವತ್ತು ಫ್ರೀಡಾ ಬರ್ತಾಳೆ."

"ಐದಕ್ಕಲ್ವಾ ಫ್ಲೈಟು? ನಮ್ಮದು ಮೂರಕ್ಕೆ ಶುರು. ಮೊದಲ ಆಟದಲ್ಲೇ ಸೋತುಬಿಡಿ, ಮೂರೂವರೆಗೆ ಫ್ರೀ. ಅಲ್ಲಿಂದ ಏರ್‌ಪೋರ್ಟಿಗೆ ಹತ್ತು ನಿಮಿಷ. ನೀವು ಹೇಗೂ ಸೋಲುವವರೇ ಅಲ್ವಾ."

ಮಾತು ಚುಚ್ಚಿದರೂ ಸುಳ್ಳಲ್ಲ. ಅರಬರು ತಾವ್ಲಾ ಎನ್ನುವ, ನಮ್ಮ ಪಗಡೆಯ ದೂರದ ನೆಂಟನಂಥ ಈ ಆಟವನ್ನು ಯೂಸ್ಟೇಸ್ ನಾಲ್ಕು ವರ್ಷದಿಂದ ಆಡುತ್ತಿದ್ದ. ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯ ಕೆಫೆಗಳಲ್ಲಿ ಒಂಬತ್ತು ಟೂರ್ನಮೆಂಟು ಆಡಿ ಒಂಬತ್ತರಲ್ಲೂ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಬಂದಿದ್ದ. ಜುಲೈಯಲ್ಲಿ ಒಂದು ದಿನ ಹಾಗೆ ಸೋಲುತ್ತ ಕೂತಿದ್ದಾಗ, ಹಲ್ಲು ಕೀಳಿಸಿಕೊಂಡ ಹೆಂಡತಿ ಫ್ರೀಡಾ ಕ್ಲಿನಿಕ್ಕಿನ ಎದುರು ಬಿಸಿಲಲ್ಲಿ ಒಂದೂವರೆ ಗಂಟೆ ಅವನನ್ನು ಕಾದಿದ್ದಳು. ಮರುವಾರವೇ ಮಂಗಳೂರಿನ ವಿಮಾನ ಹತ್ತಿದ್ದಳು.

ಮೂರು ತಿಂಗಳು ಫೋನಿನಲ್ಲಿ ಅಂಗಲಾಚಿದ ಮೇಲೆ ಅವಳು ಒಪ್ಪಿದ್ದು ಒಂದೇ ಷರತ್ತಿಗೆ. "ನಾನು ಹೊರಗೆ ಬರುವಾಗ ನೀವು ಅಲ್ಲಿ ನಿಂತಿರಬೇಕು. ಬೇರೆ ಎಂತ ಬೇಡ ನನಗೆ."

ಇಷ್ಟು ಗೊತ್ತಿದ್ದೂ ಅವನು ಹೋದ. ಮೂರು ತಿಂಗಳಿಂದ ದಾಳ ಮುಟ್ಟಿರಲಿಲ್ಲವಲ್ಲ, ಒಂದು ಆಟ ಸೋತು ಬಂದರೆ ಯಾರ ಗಂಟು ಹೋಗುತ್ತದೆ ಎಂದುಕೊಂಡ.

ಹಾಲಿನ ಬಾಗಿಲಲ್ಲಿ ರಮೀಝ್ ಕೂತಿದ್ದ. ಬಹುಮಾನ ಕೊಡುತ್ತಿದ್ದ ಟ್ರಾವೆಲ್ಸ್‌ನವನು. ಎಲ್ಲರ ಐಡಿ ಕಾರ್ಡು ತೆಗೆದಿಟ್ಟುಕೊಂಡು, ಆಟದ ಗಡಿಯಾರವೊಂದು, ಅಂಕ ಬರೆಯಲು ಪೆನ್ನೊಂದು ಕೊಡುತ್ತಿದ್ದ. "ಕಳೆದ ಸಲ ಮೂರು ಗಡಿಯಾರ ಮಾಯ ಆಯ್ತು. ಆಟ ಮುಗಿದ ಮೇಲೆ ಕಾರ್ಡು ವಾಪಸ್," ಎಂದ. ಈ ಊರಿನಲ್ಲಿ ಕಾರ್ಡಿಲ್ಲದೆ ರಸ್ತೆಗಿಳಿಯುವುದೆಂದರೆ ಅಂಗಿ ಇಲ್ಲದೆ ಇಳಿದ ಹಾಗೆ.

ಮೊದಲ ಎದುರಾಳಿ ಬೈರೂತಿನ ಮುದುಕ. ಇಪ್ಪತ್ತೈದು ನಿಮಿಷದಲ್ಲಿ ಯೂಸ್ಟೇಸನನ್ನು ಮುಗಿಸಿ ಕೈಕುಲುಕಿದ. ಸೋತು ಇಷ್ಟು ಸಂತೋಷಪಟ್ಟದ್ದು ಯೂಸ್ಟೇಸನ ಜನ್ಮದಲ್ಲೇ ಮೊದಲು. ಓಡಿ ಬಂದು ಕಾರ್ಡು ಕೇಳಿದ.

ರಮೀಝ್ ಹೆಸರು ಬರೆದಿದ್ದ ಗೋಡೆಯ ಬೋರ್ಡಿನತ್ತ ಬೆರಳು ತೋರಿಸಿದ. "ಇದು ಸೋತವರ ಪಟ್ಟಿ. ಸೋತ ಎಂಟು ಜನ ಅವರವರೊಳಗೆ ಆಡ್ಲಿಕ್ಕುಂಟು. ದೊಡ್ಡ ಟೂರ್ನಮೆಂಟಿನ ಕ್ರಮ ಇದು. ಗೆದ್ದವನಿಗೆ ನಮ್ಮದೊಂದು ಲಕೋಟೆ ಉಂಟು."

"ನನಗೆ ಲಕೋಟೆ ಬೇಡ. ಕಾರ್ಡು ಕೊಡಿ."

"ಹೆಸರು ಬೋರ್ಡಿನಲ್ಲಿದ್ರೆ ಹೇಗೆ ಕೊಡುದು? ಇನ್ನೊಂದು ಸಲ ಸೋತು ಬನ್ನಿ, ಖಲಾಸ್."

ಸೋಲುವುದು ತನಗೇನು ಹೊಸತೇ ಎಂದು ಯೂಸ್ಟೇಸ್ ಕೂತ. ಕಾಯಿಗಳನ್ನು ಬೇಕೆಂದೇ ಒಂಟಿಯಾಗಿ ಬಿಟ್ಟ. ಎದುರಿನವನಿಗೆ ಅವುಗಳನ್ನು ಹೊಡೆಯುವ ದಾಳವೇ ಬೀಳಲಿಲ್ಲ. ಇವನಿಗೆ ಮಾತ್ರ ಕರೆಯದ ನೆಂಟರ ಹಾಗೆ ಆರು-ಆರು ಬಂತು, ಮತ್ತೊಮ್ಮೆ ಬಂತು. ನಾಲ್ಕೂಕಾಲಕ್ಕೆ ಅವನು ಜೀವನದಲ್ಲೇ ಮೊದಲ ಸಲ ಟೂರ್ನಮೆಂಟಿನ ಒಂದು ಆಟವನ್ನು ಗೆದ್ದುಬಿಟ್ಟಿದ್ದ.

"ನೀವು ಒಳಗಿಂದೊಳಗೆ ದೊಡ್ಡ ಆಟಗಾರ ಮಾರ್ರೆ," ಎಂದು ನೌಶಾದ್ ಅವನ ಕುರ್ಚಿಯ ಹಿಂದೆ ಬಂದು ನಿಂತ.

ಎರಡನೆಯವನು ತ್ರಿಶ್ಶೂರಿನವನು, ಒಳ್ಳೆಯ ಆಟಗಾರ. ಯೂಸ್ಟೇಸ್ ನೆಮ್ಮದಿಯಿಂದ ಸೋಲುತ್ತಿದ್ದ. ಅಷ್ಟರಲ್ಲಿ ಆ ಪುಣ್ಯಾತ್ಮನ ಫೋನು ರಿಂಗಾಯಿತು. ಅವನ ಹೆಂಡತಿ ಸೂಪರ್‌ಮಾರ್ಕೆಟಿನ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದಾಳಂತೆ. ಅವನು ಕಾಯಿಗಳನ್ನು ಹಾಗೇ ಬಿಟ್ಟು ಎದ್ದ, "ನೀವೇ ಗೆದ್ದಿರಿ" ಎಂದು ಹಿಂದಿಯಲ್ಲಿ ಹೇಳಿದ, ಕೈಕುಲುಕಿ ಕಾರ್ಡು ತಗೊಂಡು ಹೋಗಿಯೇಬಿಟ್ಟ. ಗೆಲ್ಲುವ ಆಟದಿಂದ ಹೀಗೂ ಎದ್ದು ಹೋಗಬಹುದೆಂದು ಯೂಸ್ಟೇಸನಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಅವನು ಬಾಗಿಲನ್ನೇ ನೋಡುತ್ತ ಕೂತ.

ಐದಕ್ಕೆ ಹತ್ತು ನಿಮಿಷವಿರುವಾಗ ಪಟ್ಟಿಯ ಕೊನೆಯ ಆಟ ಶುರುವಾಯಿತು. ಎದುರು ಜೋರ್ಡಾನಿನ ಎಂಜಿನಿಯರು. ಮೊದಲು ಮೂರು ಅಂಕ ಪಡೆದವನು ಗೆದ್ದಂತೆ. ಐದೂ ಐದಕ್ಕೆ ಫೋನಿನಲ್ಲಿ ಫ್ರೀಡಾಳ ಮೆಸೇಜು: "ಇಳಿದೆ." ಆಗ ಅಂಕ ಒಂದು-ಒಂದು. ಐದು ಮೂವತ್ತೈದಕ್ಕೆ: "ಹೊರಗೆ ಬಂದೆ." ಆಗ ಎರಡು-ಎರಡು.

ತ್ರಿಶ್ಶೂರಿನವನ ಹಾಗೆ ಎದ್ದು ಕೈಕುಲುಕಿದರೆ ಮುಗಿಯುತ್ತಿತ್ತು. ಯೂಸ್ಟೇಸನಿಗೆ ಅದು ನೆನಪಿತ್ತು. ಆದರೆ ಸುತ್ತ ಹನ್ನೆರಡು ಜನ ಉಸಿರು ಬಿಗಿಹಿಡಿದು ತನ್ನ ದಾಳವನ್ನೇ ನೋಡುತ್ತಿದ್ದರು. ನಲವತ್ತಾರು ವರ್ಷದ ಈ ಸ್ಟೋರ್‌ಕೀಪರನನ್ನು ಯಾರೂ ಯಾವತ್ತೂ ಹಾಗೆ ನೋಡಿರಲಿಲ್ಲ. ಅವನಿಗೆ ಬಹಳ ಸುಖವಾಯಿತು, ಆ ಸುಖಕ್ಕೆ ನಾಚಿಕೆಯೂ ಆಯಿತು. ಇನ್ನೆರಡೇ ದಾಳ ಎಂದುಕೊಂಡು ಫೋನನ್ನು ಬೋರಲು ಹಾಕಿದ. ಆ ಎರಡು ದಾಳಕ್ಕೆ ಅರ್ಧ ಗಂಟೆ ಹಿಡಿಯಿತು. ಗೆದ್ದ. ಚಪ್ಪಾಳೆ ಬಿತ್ತು. ರಮೀಝ್ ಕಾರ್ಡಿನ ಜೊತೆ ಲಕೋಟೆಯನ್ನೂ ಅವನ ಜೇಬಿಗೆ ತುರುಕಿದ.

ಏರ್‌ಪೋರ್ಟಿನ ಹೊರಗೆ ಫ್ರೀಡಾ ಟ್ರಾಲಿಯ ಅಂಚಿನ ಮೇಲೆ ಕೂತಿದ್ದಳು. ಟ್ರಾಲಿಯಲ್ಲಿ ಎರಡು ಪೆಟ್ಟಿಗೆ, ಮೇಲೊಂದು ರಟ್ಟಿನ ಡಬ್ಬ. ಗಂಟೆ ಆರೂಕಾಲು ದಾಟಿತ್ತು.

"ಶುಕ್ರವಾರದ ಟ್ರಾಫಿಕ್," ಎಂದ ಯೂಸ್ಟೇಸ್.

ಅವಳು ಟ್ರಾಲಿಯಿಂದ ಎದ್ದಳು. "ಡಬ್ಬದಲ್ಲಿ ಕೋರಿ ರೊಟ್ಟಿ ಉಂಟು ನಿಮಗೆ. ಮೆಲ್ಲ ಎತ್ತಿ, ಪುಡಿಯಾಗ್ತದೆ."

ಇಷ್ಟಕ್ಕೇ ಮುಗಿಯಿತಲ್ಲ ಎಂದು ಯೂಸ್ಟೇಸನ ಕಣ್ಣು ತುಂಬಿತು. ಅಷ್ಟರಲ್ಲಿ ಹಿಂದಿನಿಂದ ನೌಶಾದ್ ಓಡಿಬಂದ. ಯೂಸ್ಟೇಸನಿಗೆ ಬೀಳುವ ಬೈಗುಳ ತಪ್ಪಿಸಲೆಂದು ತನ್ನ ಕಾರಿನಲ್ಲಿ ಬೆನ್ನಿಗೇ ಬಂದಿದ್ದ.

"ಅವರಿಗೆ ಎಂತ ಹೇಳ್ಬೇಡಿ ಫ್ರೀಡಕ್ಕ. ಆಡ್ಲಿಕ್ಕೆ ಕರ್ಕೊಂಡು ಹೋದದ್ದು ನಾನು. ಆದ್ರೆ ಏನು ಆಟ ಅಂತೀರಿ, ಸೋತವರಲ್ಲಿ ಫಸ್ಟ್ ಬಂದ್ರು." ಹಾಗೆನ್ನುತ್ತಲೇ ಯೂಸ್ಟೇಸನ ಜೇಬಿನಿಂದ ಲಕೋಟೆ ತೆಗೆದು ಅವಳ ಕೈಗಿತ್ತ.

ಫ್ರೀಡಾ ಒಡೆದು ಓದಿದಳು. ಟ್ರಾವೆಲ್ಸ್‌ನವರ ಕೂಪನ್ನು. ದೋಹಾದಿಂದ ಮಂಗಳೂರಿಗೆ ವಿಮಾನ, ಒಬ್ಬರಿಗೆ, ಹೋಗುವುದಕ್ಕೆ ಮಾತ್ರ.

"ಹೆಸರು ಬರೆದಿಲ್ಲ ಇದರಲ್ಲಿ," ಎಂದಳು.

"ಯಾರ ಹೆಸರು ಬೇಕಾದ್ರೂ ಬರೀಬಹುದು," ನೌಶಾದ್ ಉತ್ಸಾಹದಿಂದ ವಿವರಿಸಿದ. "ಇವತ್ತು ತುಂಬಿಸಿ ಕೊಟ್ರೆ ನಾಳೆಯೇ ಹೋಗ್ಬಹುದು."

ಫ್ರೀಡಾ ತನ್ನ ಪೆಟ್ಟಿಗೆಗಳತ್ತ ಒಮ್ಮೆ ನೋಡಿ ಕೈ ಚಾಚಿದಳು. "ಪೆನ್ ಉಂಟಾ?"

ಅಂಕ ಬರೆಯಲು ಕೊಟ್ಟಿದ್ದ ಪೆನ್ನು ಯೂಸ್ಟೇಸನ ಜೇಬಿನಲ್ಲೇ ಉಳಿದಿತ್ತು. ಅವನು ತೆಗೆದು ಕೊಟ್ಟ. ಬರೆಯಲು ಅನುಕೂಲವಾಗಲೆಂದು ನೌಶಾದ್ ರೊಟ್ಟಿಯ ಡಬ್ಬವನ್ನು ಎತ್ತಿ ಹಿಡಿದ.