ಜ್ಯೂರಿಗೆ ಒಗ್ಗದ ಮುಖ

ನಾನು ಗಂಭೀರವಾಗಿದ್ದಷ್ಟೂ ಸುತ್ತಲಿನವರಿಗೆ ನಗು ಬರುವ ಪ್ರಸಂಗಗಳು ನನ್ನ ಬಾಳಿನಲ್ಲಿ ನಡೆಯುತ್ತಲೇ ಇರುತ್ತವೆ. ಸಿಡ್ನಿಯ ಕೋರ್ಟಿನಿಂದ ಜ್ಯೂರಿಗೆ ಕರೆ ಬಂದಾಗಲೂ ಹಾಗೇ ಆಯಿತು. ಇಲ್ಲಿ ದೊಡ್ಡ ಕೇಸುಗಳಲ್ಲಿ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವವರು ನಮ್ಮಂಥ ಹನ್ನೆರಡು ಜನ ಸಾಮಾನ್ಯರು.

ಉಪಾಯ

ನಾವಿರುವ ದಿ ಪಾಂಡ್ಸ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ದಾವಣಗೆರೆ ಹುಡುಗಿ ದಾರಿ ತೋರಿಸಿದಳು. "ಆಂಟಿ, ಇಂಗ್ಲಿಷ್ ಸರಿಯಾಗಿ ಬರಲ್ಲ ಅಂತ ಬರೆದುಬಿಡಿ, ಬಿಟ್ಟುಬಿಡ್ತಾರೆ."

"ನನಗೆ ಹೋಗಬೇಕು ಕಣಮ್ಮಾ. ಸಿಟಿಜನ್ ಆದಾಗಿನಿಂದ ಕಾಯ್ತಿದ್ದೀನಿ."

ಅವಳು ನನ್ನನ್ನೊಮ್ಮೆ ನೋಡಿ, "ಹಾಗಾದ್ರೆ ಆರೋಪಿಗೆ ಒಳ್ಳೇ ಲಾಯರ್ ಸಿಗಲಿ" ಎಂದಳು.

ಚಾಲೆಂಜ್

ಕೋರ್ಟಿನಲ್ಲಿ ನನ್ನ ನಂಬರ್ ಕೂಗಿದರು. ರೇಷ್ಮೆ ಸೀರೆಯ ನೆರಿಗೆ ಸರಿಪಡಿಸಿಕೊಂಡು ಜ್ಯೂರಿಯ ಆಸನಗಳತ್ತ ನಡೆದೆ. ಕೂರುವ ಮೊದಲೇ ಆರೋಪಿಯ ವಕೀಲರು ನನ್ನನ್ನು ನೋಡಿ "ಚಾಲೆಂಜ್" ಎಂದರು. ಈಕೆ ಬೇಡ ಎಂದರ್ಥ. ಕಾರಣ ಹೇಳಬೇಕಾಗಿಲ್ಲವಂತೆ. ಅವಮಾನ ನುಂಗಿಕೊಂಡು, ಉಳಿದವರು ಕರೆಗಾಗಿ ಕಾಯುತ್ತಿದ್ದ ಕೋಣೆಗೆ ವಾಪಸಾದೆ.

ಊಟದ ಬಿಡುವಿನಲ್ಲಿ ಮೆಲ್ಬರ್ನ್‌ನ ಕ್ರಾನ್‌ಬರ್ನ್‌ನಲ್ಲಿರುವ ಮಗಳಿಗೆ ಫೋನ್ ಮಾಡಿದೆ.

"ಅಮ್ಮಾ, ಡಿಡ್ ಯು ಸ್ಮೈಲ್?"

"ಕೋರ್ಟಿನಲ್ಲಿ ಯಾಕೆ ನಗಬೇಕು?"

"ಐ ಫೀಲ್ ಸಾರಿ ಫಾರ್ ದ ಲಾಯರ್," ಎಂದಳು.

ಗುಟ್ಟು

ಮಧ್ಯಾಹ್ನ ಇನ್ನೊಂದು ಕೇಸಿಗೆ ಕರೆದರು. ಕೆನ್ನೆ ನೋಯುವಷ್ಟು ನಕ್ಕೆ. ಯಾರೂ ಬೇಡವೆನ್ನಲಿಲ್ಲ. ರಾತ್ರಿ ಯಜಮಾನರು ಕೇಳಿದರು, "ನಿನಗೇನನ್ನಿಸುತ್ತೆ, ಅವನೇ ಮಾಡಿದ್ದಾ?"

"ಹೇಳೋ ಹಾಗಿಲ್ಲ. ಅದು ಕಾನೂನು."

ಅವರು ನಿಟ್ಟುಸಿರು ಬಿಟ್ಟರು. "ಮದುವೆಯಾದ ಮೇಲೆ ಮೊದಲನೇ ಸಲ ನಾನಾಗಿ ನಿನ್ನ ಅಭಿಪ್ರಾಯ ಕೇಳಿದೆ."

ಕಾರಣ

ತೀರ್ಪು ಕೊಟ್ಟ ದಿನ ನ್ಯಾಯಾಧೀಶರು ನಮಗೆಲ್ಲ ಕೃತಜ್ಞತೆ ಹೇಳಿದರು. ನಿಜಕ್ಕೂ ಕೃತಜ್ಞತೆ ಹೇಳಬೇಕಾದವಳು ನಾನು. ಒಬ್ಬ ಮನುಷ್ಯನ ಬದುಕನ್ನು ನನ್ನಂಥವಳ ವಿವೇಚನೆಗೆ ಒಪ್ಪಿಸಿದ ಈ ದೇಶದ ನಂಬಿಕೆ ಸಣ್ಣದಲ್ಲ.

ಹೊರಗೆ ಕಾಫಿಯ ಸಾಲಿನಲ್ಲಿ, ಮೊದಲ ದಿನ ನನ್ನನ್ನು ಬೇಡವೆಂದಿದ್ದ ಅದೇ ವಕೀಲರು ನಿಂತಿದ್ದರು. ಬಿಡುವುದುಂಟೇ? "ನನ್ನಲ್ಲಿ ಏನು ಕೊರತೆ ಕಂಡಿರಿ?" ಎಂದು ನೇರವಾಗಿ ಕೇಳಿದೆ.

ಅವರು ತಲೆ ತಗ್ಗಿಸಿದರು. "ಕೊರತೆಯಲ್ಲ ಮೇಡಂ. ನಮ್ಮ ಸ್ಕೂಲಿನ ಹೆಡ್ ಸಿಸ್ಟರ್ ಥೇಟ್ ನಿಮ್ಮ ಹಾಗೇ ನೋಡುತ್ತಿದ್ದರು. ಆ ನೋಟಕ್ಕೆ ನಾನೇ ತಪ್ಪೊಪ್ಪಿಕೊಳ್ಳೋಣ ಅಂತಿದ್ದೆ, ಇನ್ನು ನನ್ನ ಕಕ್ಷಿದಾರನ ಗತಿ?"

ಕಾನ್ವೆಂಟಿನಲ್ಲಿ ಓದಿದ ನನಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಬೇಕೇ? ಮನಸಾರೆ ಧನ್ಯವಾದ ಹೇಳಿ, ಅವರ ಕೋಟಿನ ಗುಂಡಿ ತಪ್ಪಾಗಿದೆ ಎಂದೆ. ಅವರು ತಕ್ಷಣ ಸರಿಯಾಗಿ ಹಾಕಿಕೊಂಡು, ಸಾಲಿನಲ್ಲಿ ನನ್ನನ್ನು ಮುಂದೆ ಬಿಟ್ಟರು.